ಮುಯ್ಯಿ ಮೇಜಿನ ಹಿಂದೆ ಅಪ್ಪ

ನಮ್ಮ ನೆಂಟರ ಯಾವ ಮದುವೆಯ ಆಲ್ಬಮ್ ತೆಗೆದರೂ ಅಪ್ಪನ ನಡುನೆತ್ತಿಯಷ್ಟೇ ಕಾಣುತ್ತದೆ. ಛತ್ರದ ಬಾಗಿಲ ಪಕ್ಕ ಮೇಜು ಹಾಕಿಕೊಂಡು, ತಲೆ ಬಗ್ಗಿಸಿ ಮುಯ್ಯಿ ಬರೆಯುತ್ತಿರುತ್ತಾನೆ. ಬಂದವರು ಏನು ಕೊಟ್ಟರೆಂದು ಬರೆದಿಟ್ಟುಕೊಂಡು, ಅವರ ಮನೆಯಲ್ಲಿ ಮದುವೆಯಾದಾಗ ಅದಕ್ಕೆ ಕಡಿಮೆಯಾಗದಂತೆ ತೀರಿಸುವುದು ನಮ್ಮ ಕಡೆಯ ಪದ್ಧತಿ. ಹೆಚ್ಚುಕಮ್ಮಿಯಾದರೆ ವರ್ಷಗಟ್ಟಲೆ ಮಾತು ಬಿಡುವವರಿದ್ದಾರೆ. ಅದಕ್ಕೇ ಎಲ್ಲರಿಗೂ ಅಪ್ಪನೇ ಬೇಕು. ಕೆಲಸದ ದಿನವೂ ಅಕೌಂಟೆಂಟು, ರಜೆಯ ದಿನವೂ ಅಕೌಂಟೆಂಟು. ಇಲ್ಲ ಅನ್ನುವುದಕ್ಕೆ ಅವನಿಗೆ ನಾಲಿಗೆಯೇ ಹೊರಳುತ್ತಿರಲಿಲ್ಲ.

ಚನ್ನರಾಯಪಟ್ಟಣದ ಒಂದು ರೈಸ್ ಮಿಲ್ಲಿನಲ್ಲಿ ಅವನ ಕೆಲಸ. ನಡುನಡುವೆ ಹೊಳೆನರಸೀಪುರದ ಗೊಬ್ಬರದ ಅಂಗಡಿಯೊಂದರ ಲೆಕ್ಕಕ್ಕೂ ಹೋಗಿಬರುತ್ತಿದ್ದ. ಸಂಜೆ ಬಸ್ಸಿಳಿದು ಬಂದವನು ಕೈಕಾಲು ತೊಳೆದು ಅಮ್ಮನ ಎದುರಿಗೇ ಕೂರುತ್ತಿದ್ದ. ಅವರೆಕಾಯಿ ಕಾಲದಲ್ಲಿ ಇಬ್ಬರೂ ಸೇರಿ ನೆನೆಸಿದ ಕಾಳು ಹಿಸುಕುತ್ತಿದ್ದರು. ನನ್ನ ಯೂನಿಫಾರಮ್ಮಿಗೆ ಇಸ್ತ್ರಿ ಹಾಕುವ ಕೆಲಸವನ್ನು ಅವನು ಬೇರೆಯವರಿಗೆ ಬಿಟ್ಟಿದ್ದೇ ಇಲ್ಲ. ಇಂಥ ಮನುಷ್ಯನನ್ನು ಭಾನುವಾರ ಬಂತೆಂದರೆ ನೆಂಟರು ಎಳೆದುಕೊಂಡು ಹೋಗುತ್ತಿದ್ದರು. ಅಮ್ಮ ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಯನ್ನು ಅವನಿಗೆಂದು ಹಿಡಿದಿಟ್ಟುಕೊಂಡು, ಬಡಿಸುವವರು ಗೊಣಗಿದ ಮೇಲೆ ಬೇರೆ ಯಾರಿಗೋ ಬಿಟ್ಟುಕೊಡುತ್ತಿದ್ದಳು. ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನನ್ನ ಮದುವೆಯಲ್ಲಿ ಆ ಮೇಜಿನ ಹತ್ತಿರ ಸುಳಿಯಬಾರದೆಂದು ಮೊದಲೇ ಅಪ್ಪನಿಂದ ಭಾಷೆ ತೆಗೆದುಕೊಂಡಿದ್ದೆ. ಹಾಸನದ ಛತ್ರದಲ್ಲಿ ಧಾರೆ ಮುಗಿಯುವವರೆಗೆ ಪಕ್ಕದಲ್ಲೇ ಇದ್ದ. ಅಷ್ಟರಲ್ಲಿ ಅಮ್ಮನ ತಮ್ಮ, ನಮ್ಮ ಮಾವ, ಮಂಟಪದವರೆಗೂ ಬಂದ.

"ಭಾವ, ಮುಯ್ಯಿ ಬರ್ಯೋ ಹುಡ್ಗ ದುದ್ದದೋರ್ದನ್ನ ಬಾಗೂರೋರ ಹೆಸ್ರಿಗೆ ಬರ್ದ್ಬುಟ್ಟವ್ನೆ. ಒಸಿ ಬಂದ್ ನೋಡು ಬಾ."

"ಒಂದ್ ನಿಮ್ಸ ಕಣವ್ವ, ಬಂದ್ಬುಟ್ಟೆ," ಎಂದು ನನಗೆ ಹೇಳಿ ಎದ್ದು ಹೋದವನು ವಾಪಸು ಬಂದಾಗ ಕೊನೆಯ ಪಂಕ್ತಿಯೂ ಎದ್ದಿತ್ತು. ಗಂಡಿನ ಕಡೆಯವರೊಬ್ಬರು ಅವನನ್ನು ಯಾರೋ ಗುಮಾಸ್ತನೆಂದುಕೊಂಡು, "ಹೆಣ್ಣಿನ ತಂದೆ ಎಲ್ಲಿ?" ಎಂದು ಅವನನ್ನೇ ಕೇಳಿದರಂತೆ. ಅಪ್ಪ ಅದನ್ನು ಹೇಳಿಕೊಂಡು ನಕ್ಕ. ನಾನು ನಗಲಿಲ್ಲ. ಸ್ವಂತ ಮಗಳ ಮದುವೆಯಲ್ಲಿ ಮುಯ್ಯಿ ಬರೆಯಲು ಕೂತ ಇನ್ನೊಬ್ಬ ಅಪ್ಪನನ್ನು ನಾನಂತೂ ಕಂಡಿಲ್ಲ.

ಹೋದ ವರ್ಷ ಅವನಿಗೆ ಶ್ವಾಸಕೋಶ ಕೈಕೊಟ್ಟಿತು. ಹಾಸನದ ಆಸ್ಪತ್ರೆಗೆ ಸೇರಿಸಿದೆವು. ಒಂದು ಮಾತು ಮುಗಿಸಲು ಎರಡು ಸಲ ಉಸಿರೆಳೆಯಬೇಕಿತ್ತು. ಮಾತನಾಡಿಸಬೇಡಿ, ಆಯಾಸವಾಗುತ್ತದೆ ಎಂದರು ಡಾಕ್ಟರು. ಅಮ್ಮ ಅವನ ಕೈ ಹಿಡಿದುಕೊಂಡು ಸುಮ್ಮನೆ ಕೂತಳು. ಹುಷಾರಾದ ಮೇಲೆ ಮಾತಾಡಿದರಾಯಿತು ಎಂದು ಅಮ್ಮನೂ ನಾನೂ ಮಾತು ತಡೆದುಕೊಂಡೆವು. ಆಗ ಮಾವ ಕಿತ್ತಳೆ ಹಣ್ಣು ಹಿಡಿದುಕೊಂಡು ಬಂದ. ಯೋಗಕ್ಷೇಮ ಕೇಳಿದ ಶಾಸ್ತ್ರ ಮಾಡಿ ಮೊಬೈಲು ತೆಗೆದ.

"ಭಾವ, ನಮ್ ಮುಯ್ಯಿ ಬುಕ್ಕು ಎಲ್ಲೋ ಕಳ್ದೋಯ್ತು. ಅರಕಲಗೂಡಲ್ಲಿ ಮದ್ವೆ ಐತೆ. ಅವ್ರು ಅಣ್ತಮ್ಮಂದ್ರೆಲ್ಲ ನನ್ ಮಗಳ ಮದ್ವೇಲಿ ಏನೇನ್ ಮಾಡಿದ್ರು, ಗ್ಯಾಪ್ಕ ಐತಾ?"

"ಮಾವ, ಮಾತಾಡಿಸ್ಬ್ಯಾಡಿ ಅಂದವ್ರೆ," ಎಂದೆ.

ಅಪ್ಪ ಕೈಯಾಡಿಸಿ ನನ್ನನ್ನೇ ಸುಮ್ಮನಿರಿಸಿದ. ಮಾಸ್ಕು ಕೆಳಗೆಳೆದು ಹೇಳತೊಡಗಿದ. ಹಿರಿಯವನು ಬೆಳ್ಳಿ ದೀಪ, ಎರಡನೆಯವನು ಸೀರೆ, ಕಿರಿಯವನು ಬೇರೆಯಾದ ಮೇಲೆ ತಾನೇ ಬಂದು ಮಾಡಿದ್ದು, ಅದನ್ನು ಇವರ ಜೊತೆ ಸೇರಿಸಬಾರದು. ನಡುವೆ ಕೆಮ್ಮು. ಮಾವ ಕೆಮ್ಮು ನಿಲ್ಲುವುದನ್ನೇ ಕಾಯ್ದು, ಮುಂದಿನ ಹೆಸರು ಕೇಳಿದ. ಆ ಕಿತ್ತಳೆ ಹಣ್ಣನ್ನು ಎತ್ತಿ ಅವನ ಮುಖಕ್ಕೆ ಎಸೆಯಬೇಕು ಅನ್ನಿಸಿತು.

ಮಾವ ಹೋದ ಮೇಲೆ ತಡೆಯಲಾಗದೆ ಅಪ್ಪನ ಮೇಲೇ ರೇಗಿದೆ. "ಉಸ್ರಾಡಕ್ಕೇ ಆಗ್ತಿಲ್ಲ, ಅವ್ರ ಮದ್ವೆ ಚಿಂತೆ ನಿಂಗ್ಯಾಕಪ್ಪ?"

"ಪಾಪ, ನಾಳೆ ಅವ್ನ್ ಮ್ಯಾಲೆ ಮಾತು ಬರ್ಬಾರ್ದಲ್ಲವ್ವ," ಎಂದು ಕಣ್ಣು ಮುಚ್ಚಿಕೊಂಡ. ಸಂಜೆಗೆ ಉಸಿರು ತೀರ ಕಷ್ಟವಾಗಿ ಐಸಿಯುಗೆ ಕರೆದುಕೊಂಡು ಹೋದರು. ಬಾಯಿಗೆ ನಳಿಗೆ ಹಾಕಿದರು. ಮತ್ತೆ ಅವನು ಮಾತಾಡಲಿಲ್ಲ. ಅಪ್ಪ ತೀರಿಕೊಂಡದ್ದು ಆವತ್ತು ಮಾತಾಡಿದ್ದರಿಂದಲ್ಲ, ರೋಗದಿಂದ ಎಂದು ಡಾಕ್ಟರು ನನಗೆ ಬಿಡಿಸಿ ಹೇಳಿದ್ದಾರೆ. ನಂಬುತ್ತೇನೆ. ಸಿಟ್ಟು ಮಾತ್ರ ಹೋಗಿಲ್ಲ.

ತಿಥಿಯ ದಿನ ಊಟ ಮುಗಿಸಿ ಮಾವ ಅಮ್ಮನ ಹತ್ತಿರ ಬಂದು ಕೂತ. ಅವನಿಗೂ ಕಣ್ಣಲ್ಲಿ ನೀರಿತ್ತು, ಸುಳ್ಳು ಹೇಳುವುದಿಲ್ಲ.

"ಭಾವ ಯೋಳ್ದಂಗೇ ಮಾಡ್ದೆ ಕಣಕ್ಕ. ಅರಕಲಗೂಡ್ನೋರು ಬಲೇ ಖುಷಿ ಬಿದ್ರು. ಒಂದೂ ತಪ್ಪಿರ್ಲಿಲ್ಲ."

ಅಮ್ಮ ಅವನ ಕಡೆ ತಿರುಗಿದಳು.

"ನಿನ್ ತಾವಾದ್ರೂ ಅಷ್ಟೊತ್ತು ಮಾತಾಡಿದ್ರಲ್ಲಪ್ಪ," ಎಂದಳು. "ನನ್ ತಾವ ಏನೂ ಯೋಳ್ಲೇ ಇಲ್ಲ."