ಸಾಕ್ಷಿ ಹೇಳದ ಅಕ್ಕ

ತಮ್ಮ ಕರೆದನೆಂದು ಸಭೆಗೆ ಹೋಗಿದ್ದೆ. ಎದ್ದು ನಿಂತು ಸಾಕ್ಷಿ ಹೇಳಲಿಲ್ಲ. ಹೇಳಬೇಕಾದದ್ದು ನಾಲ್ಕೇ ಮಾತು, ಅದೂ ಕಣ್ಣಾರೆ ಕಂಡದ್ದು.

ನಾನು ಓದಿದ್ದು ಏಳನೆಯ ಕ್ಲಾಸು. ಮದುವೆಯಾಗಿ ಸಿಂಗಪುರಕ್ಕೆ ಬಂದವಳು. ಗಂಡನಿಗೆ ಟುವಾಸ್‌ನಲ್ಲಿ ಕಾರ್ಖಾನೆ ಕೆಲಸ. ಬುಕಿತ್ ಬಾಟೋಕ್‌ನಲ್ಲಿ ನಮ್ಮದೇ ಫ್ಲ್ಯಾಟು. ಪಾಯಾ ಲೆಬಾರ್‌ನ ಆಫೀಸೊಂದರಲ್ಲಿದ್ದ ತಮ್ಮನಿಗೆ, ತಿಂಗಳ ಕೊನೆಗೆ ಮನೆ ಬಿಡಿ ಎಂದು ಅವನ ಬಾಡಿಗೆ ಮನೆಯ ಓನರ್ ಹೇಳಿದಾಗ ಹೆಂಡತಿ ಆರು ತಿಂಗಳ ಗರ್ಭಿಣಿ. ಯಾವ ಏಜೆಂಟಿಗೆ ಫೋನ್ ಮಾಡಿದರೂ ಮೊದಲ ಪ್ರಶ್ನೆ, "ಇಂಡಿಯನ್ ಆ?" ಎರಡನೆಯ ಪ್ರಶ್ನೆ ಬರುತ್ತಿರಲಿಲ್ಲ.

ಒಬ್ಬ ಏಜೆಂಟ್ ಮಾತ್ರ ಕೇಳುವುದನ್ನು ಮರೆತಿದ್ದ. ಆ ಮನೆ ನೋಡಲು ನಾನೂ ಹೋದೆ. ತಮ್ಮನ ಹೆಂಡತಿ ಸುಸ್ತಾಗಿ ಕೆಳಗೆ, ಕಟ್ಟಡದಡಿಯ ತೆರೆದ ವಾಯ್ಡ್ ಡೆಕ್‌ನ ಬೆಂಚಿನಲ್ಲೇ ಕೂತಳು. ಮೇಲೆ ಮನೆಯ ಹೆಂಗಸು ಗ್ರಿಲ್ಲಿನ ಬೀಗ ತೆಗೆಯಲೇ ಇಲ್ಲ. ನಮ್ಮ ಮುಖ ನೋಡಿ, "ಇಂಡಿಯನ್ ಕೆನಾಟ್ ಲಾ," ಎಂದು ಇಲ್ಲಿನ ಇಂಗ್ಲಿಷಿನಲ್ಲಿ ಹೇಳಿ ಒಳಬಾಗಿಲನ್ನೂ ಹಾಕಿಕೊಂಡಳು.

"ಆಂಟಿ, ನಾವು ಜಾಸ್ತಿ ಕುಕಿಂಗ್ ಮಾಡಲ್ಲ," ಎಂದು ತಮ್ಮ ಮುಚ್ಚಿದ ಬಾಗಿಲಿಗೆ ಇಂಗ್ಲಿಷಿನಲ್ಲಿ ಹೇಳಿದ. ನಮ್ಮ ಅಡುಗೆಯ ವಾಸನೆಗೇ ಇಲ್ಲಿನ ಓನರ್‌ಗಳು ಹೆದರುವುದು. ಅವನೋ ಒಗ್ಗರಣೆಯಿಲ್ಲದೆ ತುತ್ತು ಇಳಿಯದವನು.

ಜನಾಂಗ ನೋಡಿ ಮನೆ ನಿರಾಕರಿಸುವುದನ್ನು ತಡೆಯುವ ಕಾನೂನು ಬೇಕು ಎಂದು ಕೆಲವರು ಸಭೆ ಸೇರಿಸಿದ್ದರು.

"ಅಕ್ಕಾ, ಅಲ್ಲಿ ನೀನೇ ಹೇಳ್ಬೇಕು. ನೀನು ಓನರ್. ನಿನ್ನ ಮಾತಿಗೆ ವೆಯ್ಟ್ ಇರತ್ತೆ."

"ನಂಗೆಲ್ಲೋ ಇಂಗ್ಲಿಷ್ ಬರತ್ತೆ?"

"ಸೊಪ್ಪಿನ ಅಂಕಲ್ ಹತ್ರ ಜಗಳ ಆಡ್ತೀಯಲ್ಲ, ಆ ಇಂಗ್ಲಿಷೇ ಸಾಕು."

ಸಭೆಯಲ್ಲಿ ಮೈಕು ನನ್ನ ಕೈಗೆ ಬಂತು. ಪಕ್ಕದವರಿಗೆ ದಾಟಿಸಿಬಿಟ್ಟೆ. ಇಂಗ್ಲಿಷಿನ ಭಯ ಎಂದು ತಮ್ಮ ತಿಳಿದ.

ಅದಲ್ಲ. ಅವನಿಗೆ ಮನೆಯ ಕಷ್ಟ ಬರುವ ಸ್ವಲ್ಪ ಮೊದಲು ನಮ್ಮ ಹಿಂದಿನ ರೂಮನ್ನು ಬಾಡಿಗೆಗೆ ಕೊಟ್ಟಿದ್ದೆವು. ಜಾಹೀರಾತಿನಲ್ಲಿ ಇಂಡಿಯನ್ಸ್ ಬೇಡ ಎಂದು ಹಾಕಲೇ ಎಂದು ಏಜೆಂಟ್ ಕೇಳಿದಾಗ, ಹಾಕಿ ಎಂದವಳು ನಾನು. ನಮ್ಮವರಾದರೆ ಒಲೆಯಲ್ಲಿ ಪಾಲು ಕೇಳುತ್ತಾರೆ, ಯಾವೂರು ಎಂದು ಶುರುಮಾಡಿ ಜಾತಿಗೆ ಬರುತ್ತಾರೆ. ಚೀನೀ ಹುಡುಗಿಯಾದರೆ ಹೊರಗೆ ಉಂಡು ಬಂದು ಬಾಗಿಲು ಹಾಕಿಕೊಳ್ಳುತ್ತಾಳೆ ಎಂಬ ಲೆಕ್ಕ. ಅಂಥವಳೇ ಒಬ್ಬಳು ಬಂದಳು. ವರ್ಷದ ಕರಾರು; ತಮ್ಮನಿಗಾಗಿ ಬಿಡಿಸಲು ಆಗಲಿಲ್ಲ. ಅಂಥ ಜಾಹೀರಾತು ಹಾಕಿಸಿದವಳು ಆ ಗ್ರಿಲ್ಲಿನ ಹೆಂಗಸನ್ನು ಯಾವ ಬಾಯಲ್ಲಿ ದೂರಲಿ?

ತಿಂಗಳು ಮುಗಿಯಿತು. ಮನೆ ಸಿಗಲಿಲ್ಲ. ತಮ್ಮ, ಹೆಂಡತಿಯನ್ನು ಮೈಸೂರಿಗೆ ಕಳಿಸಿ, ನಾಲ್ಕು ಹುಡುಗರಿದ್ದ ರೂಮಿನಲ್ಲಿ ಒಂದು ಮಂಚ ಹಿಡಿದ. ಮಗಳು ಹುಟ್ಟಿದ್ದನ್ನು ಅವನು ಫೋನಿನಲ್ಲೇ ನೋಡಿದ.

ಆ ಫೋಟೊ ತೋರಿಸಲು ಮನೆಗೆ ಬಂದ. "ಮೂಗು ನಿಂದೇ ಅಕ್ಕಾ. ಪಾಪ, ಮಗೂಗೆ ಏನು ಗತಿ!" ಎಂದು ನಕ್ಕ. ಆ ನಗು ನೋಡಲಾಗಲಿಲ್ಲ.

"ಮೈಕು ಯಾಕೆ ದಾಟಿಸ್ದೆ ಗೊತ್ತೇನೋ? ನಮ್ಮ ರೂಮಿಗೂ ಇಂಡಿಯನ್ಸ್ ಬೇಡ ಅಂತ ನಾನೇ ಹಾಕ್ಸಿದ್ದೆ."

ಅವನು ಫೋನನ್ನು ಮಗುಚಿ ಟೇಬಲ್ಲಿನ ಮೇಲಿಟ್ಟ. ಆಮೇಲೆ, "ಆ ಆ್ಯಡ್ ನೋಡಿ ನಾನು ಫೋನ್ ಮಾಡಿದ್ರೂ ಏಜೆಂಟು ಬೇಡ ಅಂತಿದ್ರು, ಅಲ್ವಾ?" ಎಂದ.

"ಹೂಂ, ಅಂತಿದ್ರು. ತಪ್ಪಾಯ್ತು ಕಣೋ. ನಿನ್ನ ಹೆಂಡ್ತಿ ಮಗೂನ ನಿನ್ನಿಂದ ದೂರ ಮಾಡಿದೋರಲ್ಲಿ ನಾನೂ ಒಬ್ಳು. ತಪ್ಪಾಯ್ತು."