ಮೂಗಿನ ತುದಿಯ ಸುಣ್ಣ

ನಮ್ಮ ಗಣಿತದ ಮೇಷ್ಟ್ರ ಮೂಗಿನ ತುದಿಯಲ್ಲಿ ಯಾವಾಗಲೂ ಸುಣ್ಣ ಹತ್ತಿರುತ್ತಿತ್ತು. ಮೊದಲೇ ಉದ್ದ ಮೂಗು, ಕಪ್ಪು ಮೈಬಣ್ಣ. ಆ ಬಿಳಿ ಚುಕ್ಕೆ ಗೇಟಿನಿಂದಲೇ ಕಾಣುತ್ತಿತ್ತು. ತರಗತಿಯ ಗೋಡೆಗೆ ಮೂಗು ತಾಗಿಸಿ ನಿಲ್ಲುವುದು ಅವರ ಪಾಠದ ಒಂದು ಭಾಗವಾಗಿತ್ತು.

ಪೀಣ್ಯದ ಶೆಡ್ಡುಗಳ ನಡುವಿನ ಸರ್ಕಾರಿ ಶಾಲೆ ನಮ್ಮದು. ಯಾರೋ ಪುಣ್ಯಾತ್ಮರು ಕೆಲವು ಕಂಪ್ಯೂಟರ್ ಕೊಟ್ಟಿದ್ದರು. ರಿಬ್ಬನ್ ಕತ್ತರಿಸಿ, ಲಾಡು ಹಂಚಿ, ಮಕ್ಕಳು ಮುಟ್ಟಿದರೆ ಕೆಡುತ್ತವೆಂದು ಕೋಣೆಗೆ ಬೀಗ ಹಾಕಿದರು. ಮೇಷ್ಟ್ರು ಎರಡು ಸಲ ಬೀಗದ ಕೈ ಕೇಳಿದರು. ಮೂರನೆಯ ಸಲ ಕೇಳುವ ಗೋಜಿಗೆ ಹೋಗದೆ, "ಬಿಡ್ರೋ, ನಾನೇ ಕಂಪ್ಯೂಟರ್ ಆಗ್ತೀನಿ" ಎಂದರು.

ಹಳೆಯ ಮದುವೆ ಕಾಗದಗಳನ್ನು ಕತ್ತರಿಸಿ, ಹಿಂಬದಿಯಲ್ಲಿ ಒಂದೊಂದು ಅಪ್ಪಣೆ ಬರೆದು ಚೀಟಿ ಮಾಡಿದ್ದರು: ಮುಂದೆ, ಎಡಕ್ಕೆ, ಬಲಕ್ಕೆ, ಮತ್ತೆ ಮತ್ತೆ, ನಿಲ್ಲು. ನಾವು ನೆಲದ ಮೇಲೆ ಚೀಟಿ ಜೋಡಿಸಬೇಕು, ಅವರು ಅದನ್ನು ಓದಿಕೊಂಡು ಹಾಗೆಯೇ ನಡೆಯಬೇಕು. ನಾವು 'ನಿಲ್ಲು' ಮರೆತರೆ ಗೋಡೆಯವರೆಗೆ ಹೋಗಿ, ಮೂಗು ತಾಗಿದ ಮೇಲೂ ನಿಂತಲ್ಲೇ ಹೆಜ್ಜೆ ಹಾಕುತ್ತಿದ್ದರು. ಒಮ್ಮೆ ಒಬ್ಬಳು ಬಾಳೆಹಣ್ಣು ಕೊಟ್ಟು "ತಿನ್ನಿ ಸಾರ್" ಎಂದಳು, ಸುಲಿಯಲು ಹೇಳಲಿಲ್ಲ. ಮೇಷ್ಟ್ರು ಸಿಪ್ಪೆ ಸಮೇತ ಕಚ್ಚಿ, ಕಣ್ಣಲ್ಲಿ ನೀರು ಬರುವಷ್ಟು ಅಗಿದು ನುಂಗಿದರು. "ಯಂತ್ರಕ್ಕೆ ಸ್ವಂತ ಬುದ್ಧಿ ಇಲ್ಲ ಕಣಮ್ಮ. ಹೇಳಿದ್ದಷ್ಟೇ ಮಾಡತ್ತೆ. ಹೇಳೋರು ಹುಷಾರಾಗಿರ್ಬೇಕು."

ಉಳಿದ ಶಿಕ್ಷಕರಿಗೆ ಇದೆಲ್ಲ ಹುಡುಗಾಟವಾಗಿ ಕಾಣುತ್ತಿತ್ತು. ಮಧ್ಯಾಹ್ನ ಅವರೆಲ್ಲ ಒಂದು ಮೇಜಿಗೆ ಕೂತರೆ ಮೇಷ್ಟ್ರು ಕಿಟಕಿಯ ಹತ್ತಿರ ಒಬ್ಬರೇ ಡಬ್ಬಿ ಬಿಚ್ಚುತ್ತಿದ್ದರು. ಮದುವೆಯಾಗಿರಲಿಲ್ಲ. ಚಿಕ್ಕಬಾಣಾವರದಲ್ಲಿ ಒಂದು ಬಾಡಿಗೆ ಕೋಣೆ ಇತ್ತು.

ನಾನು ಗದಗದ ಕಡೆಯಿಂದ ಬಂದು ಆರನೇ ತರಗತಿಗೆ ಸೇರಿದವಳು. ಮೊದಲ ದಿನ ಕನ್ನಡದ ಟೀಚರ್ ಏನೋ ಕೇಳಿದ್ದಕ್ಕೆ "ನಂಗ ಗೊತ್ತಿಲ್ರೀ" ಎಂದೆ. ಇಡೀ ತರಗತಿ ನಕ್ಕಿತು, ಟೀಚರೂ ನಕ್ಕರು. ನನ್ನದು ಹುಟ್ಟಾ ಹಟಮಾರಿ ಸ್ವಭಾವ. ಅಂದೇ ಬಾಯಿ ಮುಚ್ಚಿದವಳು ಐದು ತಿಂಗಳು ಶಾಲೆಯಲ್ಲಿ ಒಂದು ಮಾತೂ ಆಡಲಿಲ್ಲ. ಹಾಜರಿ ಕರೆದರೆ ಕೈ ಎತ್ತುತ್ತಿದ್ದೆ. ನನ್ನ ಬೆಂಚಿನಲ್ಲಿ ಯಾರೂ ಕೂರುತ್ತಿರಲಿಲ್ಲ. ಮೇಷ್ಟ್ರ ಚೀಟಿಗಳ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಅದಕ್ಕೇ, ಬಾಯಿ ತೆರೆಯದೆ ಒಬ್ಬರಿಗೆ ಏನನ್ನಾದರೂ ಹೇಳಬಹುದಿತ್ತು.

ಒಂದು ದಿನ ನನ್ನ ಸರದಿ. ಗತ್ತಿನಿಂದ 'ಮುಂದೆ' ಇಟ್ಟು, ಅದರ ಪಕ್ಕ 'ಮತ್ತೆ ಮತ್ತೆ' ಇಟ್ಟೆ. 'ನಿಲ್ಲು' ಕೈಯಲ್ಲೇ ಉಳಿಯಿತು. ಮೇಷ್ಟ್ರು ಗೋಡೆ ಮುಟ್ಟಿದರು. ಅಷ್ಟರಲ್ಲಿ ಬಿಸಿಯೂಟದ ಗಂಟೆ ಹೊಡೆಯಿತು, ಎಲ್ಲರೂ ತಟ್ಟೆ ಹಿಡಿದು ಓಡಿದರು. ಮೇಷ್ಟ್ರು ಮಾತ್ರ ಗೋಡೆಗೆ ಮುಖ ಮಾಡಿ ಹೆಜ್ಜೆ ಹಾಕುತ್ತಲೇ ಇದ್ದರು. ನಾನು ಚೀಟಿ ಎತ್ತಿ ತೋರಿಸಿದೆ. ಗೋಡೆ ನೋಡುತ್ತಿರುವವರಿಗೆ ಅದು ಹೇಗೆ ಕಾಣಬೇಕು? ಅವರ ಎಡ ಮೊಣಕಾಲು ಮೊದಲೇ ಸರಿಯಿರಲಿಲ್ಲ, ಅದು ನಡುಗತೊಡಗಿತ್ತು. ಇನ್ನು ನಿಲ್ಲುತ್ತಾರೆ, ಇನ್ನು ನಿಲ್ಲುತ್ತಾರೆ ಎಂದು ಕಾದೆ. ನಿಲ್ಲಲಿಲ್ಲ. ಕೊನೆಗೆ ನನಗೇ ಅಳು ಬಂತು.

"ಸಾಕ್ರೀ ಸರ, ನಿಂದರ್ರೀ" ಎಂದೆ.

ಅವರು ನಿಂತರು. ತಿರುಗಿ, ಮೂಗು ಒರೆಸಿಕೊಳ್ಳದೆಯೇ, "ನೋಡು, ಯಂತ್ರಕ್ಕೆ ನಿನ್ನ ಮಾತು ಅರ್ಥ ಆಯ್ತು. ಹೋಗಮ್ಮ, ಊಟ ಆರ್ಹೋಗತ್ತೆ" ಎಂದರು. ಮರುದಿನ ಹಾಜರಿಗೆ "ಬಂದೀನ್ರೀ" ಎಂದೆ. ಕೆಲವರು ನಕ್ಕರು. ನಗಲಿ ಎಂದುಕೊಂಡೆ.

ಈಗ ನಾನು ಪೀಣ್ಯದಲ್ಲೇ ಒಂದು ಕಾರ್ಖಾನೆಯಲ್ಲಿದ್ದೇನೆ. ಲೋಹ ಕೊರೆಯುವ ಯಂತ್ರಗಳಿಗೆ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಮೇಷ್ಟ್ರಿಗೆ ಅದರ ಬಗ್ಗೆ ಬಹಳ ಜಂಬ. ವರ್ಷಕ್ಕೊಮ್ಮೆ ಫೋನ್ ಮಾಡಿ, "ಯಂತ್ರ ರೆಡಿ ಇದೆ. ಏನಪ್ಪಣೆ?" ಎನ್ನುತ್ತಿದ್ದರು. "ಎರಡ ಹೆಜ್ಜಿ ಮುಂದ ಬರ್ರಿ ಸರ" ಎನ್ನುತ್ತಿದ್ದೆ. ಇಬ್ಬರೂ ನಗುತ್ತಿದ್ದೆವು. ನಿವೃತ್ತರಾದ ಮೇಲೆ ಫೋನು ತಿಂಗಳಿಗೊಮ್ಮೆ ಆಯಿತು, ಆಮೇಲೆ ವಾರಕ್ಕೊಮ್ಮೆ. ಹೇಳಲು ಅವರಲ್ಲಿ ಹೊಸದೇನೂ ಇರುತ್ತಿರಲಿಲ್ಲ. ಸುಳ್ಳೇಕೆ, ನನಗೆ ಕಿರಿಕಿರಿಯಾಗುತ್ತಿತ್ತು.

ಕೊನೆಯ ಸಲ ಫೋನ್ ಬಂದಾಗ ಹೊಸ ಪ್ರೋಗ್ರಾಮಿನ ಮೊದಲ ಪೀಸು ಯಂತ್ರದೊಳಗಿತ್ತು, ಸೂಪರ್‌ವೈಸರ್ ಹೆಗಲ ಹಿಂದೆ ನಿಂತಿದ್ದರು. "ಸರ, ಸ್ವಲ್ಪ ಇರ್ರಿ, ನಾನ ಫೋನ್ ಮಾಡ್ತೀನಿ" ಎಂದೆ.

"ಆಗ್ಲಮ್ಮ. ಯಂತ್ರ ಕಾಯತ್ತೆ" ಎಂದರು.

ಸಂಜೆ ನೆನಪಾಯಿತು, ನಾಳೆ ಮಾಡೋಣ ಎಂದುಕೊಂಡೆ. ಆ ನಾಳೆ ಮೂರು ತಿಂಗಳು ಬರಲಿಲ್ಲ. ವಾರದ ಫೋನು ನಿಂತದ್ದು ಗಮನಕ್ಕೆ ಬಂದಾಗ ಸ್ವಲ್ಪ ಹಾಯೆನಿಸಿತ್ತು ಕೂಡ.

ಆಮೇಲೆ ಬಂದದ್ದು ಅವರ ಮನೆ ಮಾಲಕಿಯ ಫೋನು. ಆಕೆ ಅಲ್ಲಿನ ಹಳಬರು, ಹೊಲವಿದ್ದ ಜಾಗದಲ್ಲಿ ಬಾಡಿಗೆ ಕೋಣೆ ಕಟ್ಟಿಸಿಕೊಂಡವರು. "ಮೇಷ್ಟ್ರು ಓಗ್ಬುಟ್ರು ಕಣಮ್ಮ, ನಾಕು ದಿನ ಆಯ್ತು. ಇವತ್ತು ಕೋಣೆ ಗುಡಿಸ್ವಾಗ ನೋಡ್ದೆ, ಕ್ಯಾಲೆಂಡರ್ ಮ್ಯಾಲೆ ನಿನ್ನ ನಂಬರ್ ಒಂದೇ ಇತ್ತು." ನಾನು ಹೋಗುವ ಹೊತ್ತಿಗೆ ಮೇಷ್ಟ್ರ ಅಣ್ಣನ ಮಗನೊಬ್ಬ ಬಂದು ಕಾರ್ಯ ಮುಗಿಸಿ ಹೊರಟುಹೋಗಿದ್ದ. ಮಂಚ, ಒಂದು ಕುರ್ಚಿ, ಕಿಟಕಿಯಲ್ಲಿ ಚೀಟಿಗಳ ಡಬ್ಬಿ, ಇಷ್ಟೇ ಉಳಿದಿತ್ತು.

"ಫೋನು ಕೈಲೇ ಇಟ್ಕಂಡು ಕುಂತಿರೋರು" ಎಂದರು ಆಕೆ ಬಾಗಿಲಲ್ಲಿ ನಿಂತು. "ನೀವೇ ಮಾಡಿ ಮೇಷ್ಟ್ರೇ ಅಂದ್ರೆ, ಇಲ್ಲ, ಇರಿ ಅಂದವ್ಳೆ, ಅವ್ಳೇ ಮಾಡ್ತಾಳೆ ಅನ್ನೋರು."

ಮೇಷ್ಟ್ರು ಆಟಕ್ಕೆ ಹಾಗೆಂದರೋ, ನನ್ನ ಮೇಲಿನ ಬೇಸರಕ್ಕೋ, ಗೊತ್ತಿಲ್ಲ. ಕಾದದ್ದಂತೂ ನಿಜ. ಪ್ರತಿ ಪ್ರೋಗ್ರಾಮಿನ ಕೊನೆಯಲ್ಲಿ ನಿಲ್ಲಿಸುವ ಸಾಲು ಇದೆಯೇ ಎಂದು ಎರಡೆರಡು ಸಲ ನೋಡುವವಳು ನಾನು. ಅದನ್ನು ಕಲಿಸಿದವರನ್ನೇ ಮತ್ತೊಮ್ಮೆ ಗೋಡೆಯ ಮುಂದೆ ಬಿಟ್ಟು, ಈ ಸಲ ನಾನೂ ಎಲ್ಲರ ಹಾಗೆ ಊಟಕ್ಕೆ ಹೋಗಿದ್ದೆ.

ಆಕೆ ಅಂಗಳಕ್ಕಿಳಿದ ಮೇಲೆ, ಆ ಖಾಲಿ ಕುರ್ಚಿಯ ಮುಂದೆ ನಿಂತು, "ಸಾಕ್ರೀ ಸರ" ಎಂದೆ.

"ಕರದ್ಯೇನಮ್ಮ?" ಎಂದರು ಆಕೆ ಹೊರಗಿನಿಂದ.

ಇಲ್ಲ ಎಂದೆ.