ಅಡ್ಡಗೀಟಿನ ಏಳು

ನಮ್ಮ ಚಿಕ್ಕಮ್ಮ ಬಾಯಿಬಡುಕಿ ಎಂದು ಮನೆಯವರೆಲ್ಲ ದೂರುತ್ತಿದ್ದರು. ಅವಳು ಅದನ್ನೇ ಉದ್ಯೋಗ ಮಾಡಿಕೊಂಡಳು. ಸಭಾಂಗಣದ ಹಿಂದಿನ ಗಾಜಿನ ಗೂಡಿನಲ್ಲಿ ಕೂತು, ಫ್ರೆಂಚ್ ಭಾಷಣವನ್ನು ಆಗಿಂದಾಗಲೇ ಮೈಕಿನಲ್ಲಿ ಇಂಗ್ಲಿಷಿಗೆ ತಿರುಗಿಸುವ ಕೆಲಸ. ಮಾತೇನೋ ನೀರು ಕುಡಿದಷ್ಟು ಸಲೀಸು. ಅಂಕಿ ಬಂದರೆ ಬೆವರು. ಫ್ರೆಂಚರು ತೊಂಬತ್ತೇಳಕ್ಕೆ 'ನಾಲ್ಕು ಇಪ್ಪತ್ತು, ಹದಿನೇಳು' ಎನ್ನುತ್ತಾರೆ. ಕೂಡಿಸುವಷ್ಟರಲ್ಲಿ ಭಾಷಣ ಎಲ್ಲೋ ಹೋಗಿರುತ್ತದೆ. ಅದಕ್ಕೇ ಗೂಡಿನಲ್ಲಿ ಒಂದು ರೂಢಿ: ಒಬ್ಬರು ಮಾತಾಡುವಾಗ ಪಕ್ಕದವರು ಅಂಕಿ ಬರೆದು ಮುಂದಿಡಬೇಕು, ಮಾತಾಡುವವರು ಚೀಟಿಯನ್ನೇ ನಂಬಬೇಕು.

ಖಾಯಂ ಹುದ್ದೆ ಖಾಲಿಯಾದದ್ದು ಒಂದೇ. ಪೈಪೋಟಿಗೆ ಚಿಕ್ಕಮ್ಮ ಮತ್ತು ಪಕ್ಕದ ಕುರ್ಚಿಯ 'ಮೌನಿ'. ಗೂಡಿನಾಚೆ ತುಟಿ ಬಿಚ್ಚದ ಆಸಾಮಿ. ಪರೀಕ್ಷೆಯ ದಿನ ನಕ್ಷತ್ರಗಳ ಬಗ್ಗೆ ಭಾಷಣ, ಅದರ ತುಂಬ ಬರೀ ಅಂಕಿ. ಎದುರಾಳಿ ತನಗೇಕೆ ಬರೆದುಕೊಟ್ಟಾನು ಎಂದು ಚಿಕ್ಕಮ್ಮನಿಗೆ ಅನುಮಾನ. ಮೌನಿ ಬರೆದುಕೊಟ್ಟ. ಅದೂ ಸೊನ್ನೆಗಳ ನಡುವೆ ಫ್ರೆಂಚರಂತೆ ಜಾಗ ಬಿಡದೆ, ಅವಳಿಗೆ ಸುಲಭವಾಗಲೆಂದು ಇಂಗ್ಲಿಷಿನ ಅಲ್ಪವಿರಾಮ ಹಾಕಿ. ಅವಳು ಎಲ್ಲೂ ಎಡವಲಿಲ್ಲ.

ಅವನ ಸರದಿ ಬಂತು. ಭಾಷಣದಲ್ಲಿ ಏಳು ಬಿಲಿಯನ್, ಅಂದರೆ ನಮ್ಮ ಏಳುನೂರು ಕೋಟಿ, ನಕ್ಷತ್ರ ಬಂದವು; ಚಿಕ್ಕಮ್ಮ ಏಳಕ್ಕೆ ಅಡ್ಡಗೀಟು ಹಾಕದೆ ಅಂಕಿಯನ್ನು ಸರಸರ ಗೀಚಿದಳು. ಫ್ರೆಂಚ್ ಶಾಲೆಯಲ್ಲಿ ಕಲಿತ ಮೌನಿಗೆ ನಡುವೆ ಅಡ್ಡಗೀಟಿದ್ದರೆ ಏಳು. ಇಲ್ಲದಿದ್ದರೆ ಅದು ಫ್ರೆಂಚರು ತಲೆಗೆ ಕೊಕ್ಕೆ ಹಾಕಿ ಬರೆಯುವ ಒಂದು. 'ಒಂದು ಬಿಲಿಯನ್' ಎಂದುಬಿಟ್ಟ. ಆರುನೂರು ಕೋಟಿ ನಕ್ಷತ್ರ ಗೂಡಿನಲ್ಲೇ ಮಾಯ. ಪರೀಕ್ಷಿಸುತ್ತಿದ್ದ ಮೇಡಂ ಗುರುತು ಹಾಕಿಕೊಂಡರು.

ಸುಮ್ಮನಿದ್ದರೆ ಹುದ್ದೆ ಚಿಕ್ಕಮ್ಮನದೇ. ಮೌನಿಯಂತೂ ದೂರು ಕೊಡದೆ ಚೀಲ ಹೆಗಲಿಗೇರಿಸಿ ಹೊರಟ. ಅವಳಿಗೆ ತಡೆಯಲಾಗಲಿಲ್ಲ. ಮೇಡಂ ಕೋಣೆಗೆ ಹೋಗಿ ಚೀಟಿಯನ್ನು ಮೇಜಿನ ಮೇಲಿಟ್ಟಳು.

"ತಪ್ಪು ಅವರದಲ್ಲ ಮೇಡಂ. ನನಗೆ ಓದೋಕೆ ಆಗೋ ಹಾಗೆ ಅವರು ಬರೆದ್ರು. ನಾನು ಅವರಿಗೆ ಹಾಗೆ ಬರೀಲಿಲ್ಲ."

ಹುದ್ದೆ ಮೌನಿಗೆ ಹೋಯಿತು. ಅಜ್ಜಿ ಮಗಳ ಮೇಲೆ ಮುಖ ಊದಿಸಿಕೊಂಡು ಓಡಾಡಿದಳು. ಚಿಕ್ಕಮ್ಮನಿಗೆ ದುಃಖವಾಗಿತ್ತು, ಆದರೂ ಹೊಟ್ಟೆತುಂಬ ಉಂಡು ಗೊರಕೆ ಹೊಡೆದಳು. ಮುಂದೆ ಇನ್ನೊಂದು ಹುದ್ದೆ ಖಾಲಿಯಾದಾಗ ಪಕ್ಕದಲ್ಲಿ ಯಾರು ಬೇಕೆಂದು ಮೇಡಂ ಕೇಳಿದರಂತೆ. ಮೌನಿ ಚಿಕ್ಕಮ್ಮನ ಹೆಸರು ಹೇಳಿದನಂತೆ.

ಈಗ ಅವನು ನಮಗೆಲ್ಲ ಮೌನಿ ಮಾಮ. ನನ್ನ ಏಳನೇ ಹುಟ್ಟುಹಬ್ಬಕ್ಕೆ ಬಂದಿದ್ದ. ನಾನು ಚಾಕು ಎತ್ತುವ ಮೊದಲೇ ಚಿಕ್ಕಮ್ಮ ಅದನ್ನು ಕಸಿದುಕೊಂಡು, ಕೇಕಿನ ಮೇಲಿನ ಏಳಕ್ಕೆ ನೀಟಾಗಿ ಅಡ್ಡಗೀಟು ಎಳೆದಳು. ನಾನು ಅಳುವುದರಲ್ಲಿದ್ದೆ. ಮೌನಿ ಮಾಮ ಬಗ್ಗಿ ನೋಡಿದ.

"ಈಗ ಓದ್ಬಹುದು," ಎಂದ.